ಒಣನಾಡಿನಲ್ಲಿ ತುಕ್ಕು: ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕಾರ್ಯಾಗಾರಗಳಲ್ಲಿ ವಿದ್ಯುದುಪಕರಣಗಳ ರಕ್ಷಣೆ

ತುಕ್ಕೆಂಬುದು ಕಡಲತೀರಕ್ಕೂ ಮಲೆನಾಡಿಗೂ ಅಂಟಿದ ಪೀಡೆ, ಬಯಲುಸೀಮೆಗೆ ಅದರ ಭಯವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಳಕೆಯಲ್ಲಿದೆ. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವಾಗ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಸುರಿಯುವ ಮಳೆ 500 ಮಿಲಿಮೀಟರಿನ ಆಸುಪಾಸಿನದು. ಕರ್ನಾಟಕದ ಅತ್ಯಂತ ಒಣ ಪ್ರದೇಶಗಳಲ್ಲಿ ಇವು ಸೇರಿವೆ. ಆದರೂ ಇಲ್ಲಿಯ ಯಾವುದೇ ಕಾರ್ಯಾಗಾರವನ್ನು ಹೊಕ್ಕು ನೋಡಿದರೆ, ಡ್ರಿಲ್ಲಿನ ಚಕ್ಕು ತಿರುಗಲೊಲ್ಲದೆ ಬಿಗಿದಿರುವುದು, ಲೇತಿನ ಹಾಸಿನ ಮೇಲೆ ಕಂದುಬಣ್ಣದ ಚುಕ್ಕೆಗಳು ಮೂಡಿರುವುದು, ಗ್ರೈಂಡರಿನ ರಕ್ಷಾಕವಚದ ತಿರುಪುಗಳು ಕದಲದಿರುವುದು ಕಣ್ಣಿಗೆ ಬೀಳದೆ ಹೋಗದು. ಮಳೆ ಕಡಮೆಯಾದ ನಾಡಿನಲ್ಲಿ ತುಕ್ಕು ಹೇಗೆ ಬಂದಿತು, ಅದನ್ನು ತಡೆಯುವ ಬಗೆ ಯಾವುದು, ಬಂದ ಮೇಲೆ ತೆಗೆಯುವ ಬಗೆ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಮ್ಮ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡಬಹುದಾದ ಒಂದೆರಡು ಪ್ರಯೋಗಗಳನ್ನೂ ಇಲ್ಲಿ ಸೂಚಿಸುತ್ತೇವೆ.

ಈ ಸೀಮೆಗೂ ಕಬ್ಬಿಣಕ್ಕೂ ಇರುವ ನಂಟು ಬಹು ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಸಿದ್ಧವಾದ ಸ್ಥಳ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್‌ಶಿಲಾ ಸಮಾಧಿಗಳಿಂದ ಕಬ್ಬಿಣದ ಆಯುಧಗಳೂ ಉಪಕರಣಗಳೂ ದೊರೆತವು. ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯ ಜನ ಕಬ್ಬಿಣವನ್ನು ಬಲ್ಲವರಾಗಿದ್ದರು ಎಂಬುದಕ್ಕೆ ಅವು ಸಾಕ್ಷಿ. ಇಂದು ಅದೇ ನೆಲದಲ್ಲಿ ನೆಲಗಡಲೆಯ ಎಣ್ಣೆ ತೆಗೆಯುವ ಗಿರಣಿಗಳೂ, ಟ್ರಾಕ್ಟರು ಮತ್ತು ಕೊಳವೆಬಾವಿಯ ಪಂಪುಗಳನ್ನು ದುರಸ್ತಿ ಮಾಡುವ ಅಂಗಡಿಗಳೂ, ರೇಷ್ಮೆ ಸೀರೆಯ ಮಗ್ಗಗಳೂ, ಕಂಬಳಿ ನೇಯುವ ಮನೆಗಳೂ ಇವೆ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ ಇದೆ. ಹಳೆಯದಾಗಲಿ ಹೊಸದಾಗಲಿ, ಕಬ್ಬಿಣವನ್ನು ನಂಬಿ ನಡೆಯುವ ಕೆಲಸಕ್ಕೆಲ್ಲ ಶತ್ರು ಒಂದೇ.

ತುಕ್ಕಿನ ಸ್ವರೂಪ

ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಉತ್ತರದ ಕಡೆಯವರು ಇದನ್ನೇ ಜಂಗು ಎನ್ನುತ್ತಾರೆ. ಭಾಷೆಯು ಮಾಡಿರುವ ಈ ಭೇದ ಶಾಸ್ತ್ರಕ್ಕೂ ಒಪ್ಪುವಂಥದು. ಕಿಲುಬು ಲೋಹಕ್ಕೆ ಒತ್ತಾಗಿ ಅಂಟಿಕೊಂಡು, ಒಳಗಿನ ಲೋಹಕ್ಕೆ ಬಹುಮಟ್ಟಿಗೆ ಹೊದಿಕೆಯಾಗುತ್ತದೆ. ತುಕ್ಕಾದರೋ ರಂಧ್ರಮಯವಾದುದು. ಅದು ತೇವವನ್ನು ಹೀರಿ ಹಿಡಿದಿಟ್ಟುಕೊಂಡು, ತನ್ನ ಕೆಳಗಿರುವ ಕಬ್ಬಿಣವನ್ನು ಮತ್ತಷ್ಟು ತಿನ್ನಿಸುತ್ತದೆ. ಆದುದರಿಂದ ತುಕ್ಕಿನ ಸಣ್ಣ ಚುಕ್ಕೆಯನ್ನು ಅಲ್ಲಿಗೇ ನಿಲ್ಲುತ್ತದೆಂದು ಬಿಟ್ಟುಬಿಡುವುದು ಸರಿಯಲ್ಲ.

ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ಮಾತ್ರ ತುಕ್ಕು ಹುಟ್ಟುತ್ತದೆ. ಇದು ವಾಸ್ತವದಲ್ಲಿ ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ನೀರಿನ ತೆಳುಪೊರೆಯ ಕೆಳಗೆ ಕಬ್ಬಿಣದ ಒಂದು ಭಾಗ ಕರಗಿ, ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಇನ್ನೊಂದು ಭಾಗದಲ್ಲಿ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಪಡೆದು, ನೀರಿನೊಡನೆ ಸೇರಿ ಕ್ಷಾರವಾಗುತ್ತದೆ. ಇವೆರಡೂ ಸಂಧಿಸುವ ಎಡೆಯಲ್ಲಿ ಕಬ್ಬಿಣದ ಹೈಡ್ರಾಕ್ಸೈಡು ಉಂಟಾಗಿ, ಗಾಳಿಯ ಆಮ್ಲಜನಕದಿಂದ ಮತ್ತಷ್ಟು ಮಾರ್ಪಟ್ಟು ಕಂದುಬಣ್ಣದ ತುಕ್ಕಾಗುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಕ್ರಿಯೆಯ ವೇಗವೂ ಹೆಚ್ಚುತ್ತದೆ.

ಕೇಂಬ್ರಿಡ್ಜಿನ ಯು. ಆರ್. ಇವಾನ್ಸ್ ಅವರು 1920ರ ದಶಕದಲ್ಲಿ ಇದನ್ನು ಒಂದೇ ಹನಿ ಉಪ್ಪುನೀರಿನಿಂದ ತೋರಿಸಿಕೊಟ್ಟರು. ಆ ಪ್ರಯೋಗವನ್ನು ಯಾವ ಕಾಲೇಜಿನಲ್ಲಿ ಬೇಕಾದರೂ ಮಾಡಬಹುದು. ನೂರು ಮಿಲಿಲೀಟರ್ ನೀರಿನಲ್ಲಿ 3 ಗ್ರಾಂ ಅಡುಗೆ ಉಪ್ಪು, 0.1 ಗ್ರಾಂ ಪೊಟಾಸಿಯಂ ಫೆರಿಸಯನೈಡು ಹಾಗೂ ಕೆಲವು ತೊಟ್ಟು ಫಿನಾಲ್ಫ್ತಲೀನು ದ್ರಾವಣವನ್ನು ಬೆರೆಸಿ, ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಒಂದು ದಪ್ಪ ಹನಿಯನ್ನಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುಭಾಗ ನೀಲಿಯಾಗುತ್ತದೆ, ಅಂಚು ಗುಲಾಬಿಯಾಗುತ್ತದೆ. ನೀಲಿಯು ಕಬ್ಬಿಣ ಕರಗುತ್ತಿರುವ ಗುರುತು. ಗುಲಾಬಿಯು ಆಮ್ಲಜನಕ ಕ್ಷಾರವಾಗುತ್ತಿರುವ ಗುರುತು. ಹನಿಯ ಅಂಚಿನಲ್ಲಿ ಗಾಳಿ ಧಾರಾಳ, ನಡುವೆ ವಿರಳ. ಗಾಳಿ ವಿರಳವಾದಲ್ಲಿಯೇ ಕಬ್ಬಿಣ ಸವೆಯುತ್ತದೆಂಬುದು ವಿದ್ಯಾರ್ಥಿಗಳಿಗೆ ಅಚ್ಚರಿಯ ವಿಷಯ. ತಿರುಪಿನ ಸಂದಿನಲ್ಲಿ, ಚಕ್ಕಿನ ಹಲ್ಲುಗಳ ಮರೆಯಲ್ಲಿ, ದೂಳಿನ ಕಣದ ಕೆಳಗೆ ತುಕ್ಕು ಆಳವಾಗಿ ಇಳಿಯುವುದಕ್ಕೆ ಇದೇ ಕಾರಣ.

ತುಕ್ಕು ಬಿಗಿಯುವುದೇಕೆ ಎಂಬುದಕ್ಕೂ ಲೆಕ್ಕವುಂಟು. ಒಂದು ಗ್ರಾಂ ಕಬ್ಬಿಣ ಸಾಮಾನ್ಯವಾದ ಜಲಯುತ ತುಕ್ಕಾಗಿ ಮಾರ್ಪಟ್ಟರೆ ತೂಕ ಸುಮಾರು 1.6 ಗ್ರಾಮಿಗೆ ಏರುತ್ತದೆ. ಅದು ಆಕ್ರಮಿಸುವ ಜಾಗವು ಮೊದಲಿನ ಸುಮಾರು ಮೂರರಷ್ಟಾಗುತ್ತದೆ. ಹೀಗಾಗಿ ತಿರುಪಿನ ಮರೆಯೊಳಗೆ ಹುಟ್ಟಿದ ತುಕ್ಕು ಬೆಣೆ ಹೊಡೆದಂತೆ ಅದನ್ನು ಬಿಗಿಯುತ್ತದೆ.

ಒಣಹವೆಯಲ್ಲಿ ನೀರೆಲ್ಲಿಂದ ಬಂದಿತು?

ಮಳೆಯೇ ಬೀಳಬೇಕೆಂದಿಲ್ಲ. ಗಾಳಿಯಲ್ಲಿರುವ ಆವಿಯೇ ಸಾಕು. ಡಬ್ಲ್ಯು. ಎಚ್. ಜೆ. ವೆರ್ನನ್ ಅವರ ಶೋಧನೆಗಳಿಂದ, ಸಾಪೇಕ್ಷ ಆರ್ದ್ರತೆಯು ನೂರಕ್ಕೆ ಸುಮಾರು 60ನ್ನು ದಾಟಿದರೆ ಉಕ್ಕಿನ ಮೇಲೆ ತುಕ್ಕಿನ ವೇಗ ಥಟ್ಟನೆ ಏರುತ್ತದೆಂಬುದು ತಿಳಿದುಬಂದಿತು. ಅದಕ್ಕಿಂತ ಕಡಮೆಯಿದ್ದಾಗ, ಮೇಲ್ಮೈ ಚೊಕ್ಕಟವಾಗಿದ್ದರೆ, ಸವೆತ ಅತ್ಯಲ್ಪ.

ಇಲ್ಲಿ ಗಮನಿಸಬೇಕಾದುದು ಹಗಲಿನ ಆರ್ದ್ರತೆಯನ್ನಲ್ಲ, ರಾತ್ರಿಯದನ್ನು. ಅಕ್ಟೋಬರಿನ ಒಂದು ಮಧ್ಯಾಹ್ನ ಉಷ್ಣತೆ 28 ಡಿಗ್ರಿ, ಆರ್ದ್ರತೆ ನೂರಕ್ಕೆ 50 ಎಂದು ಭಾವಿಸೋಣ. ಆ ಗಾಳಿಯನ್ನು ಒಳಗಿಟ್ಟುಕೊಂಡು ಸಂಜೆ ಬಾಗಿಲು ಹಾಕಿದ ಶೆಡ್ಡು ರಾತ್ರಿ 20 ಡಿಗ್ರಿಗೆ ತಂಪಾದರೆ, ಹೊರಗಿನಿಂದ ಒಂದು ತೊಟ್ಟು ಆವಿಯೂ ಬಾರದೆಯೇ ಒಳಗಿನ ಆರ್ದ್ರತೆ ನೂರಕ್ಕೆ 80ನ್ನು ಮುಟ್ಟುತ್ತದೆ. ಹಗಲು ಒಣಗಿದ ಗಾಳಿಯೇ ರಾತ್ರಿ ತೇವದ ಗಾಳಿಯಾಯಿತು. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಮಳೆ ಹೆಚ್ಚು; ಅನಂತರ ಬರುವ ತಿಂಗಳುಗಳಲ್ಲಿ ಆಕಾಶ ನಿರ್ಮಲ, ರಾತ್ರಿ ತಂಪು. ನಿರ್ಮಲಾಕಾಶದ ಕೆಳಗೆ ತಗಡಿನ ಮಾಡು ಬೇಗನೆ ಶಾಖವನ್ನು ಕಳೆದುಕೊಂಡು ಒಳಮೈಯಲ್ಲಿ ಬೆವರುತ್ತದೆ. ಆ ಹನಿಗಳು ಕೆಳಗಿರುವ ಯಂತ್ರದ ಮೇಲೆ ಬೀಳುತ್ತವೆ.

ಬೆಳಗಿನ ವೇಳೆ ಇನ್ನೊಂದು ಅಪಾಯವುಂಟು. ಲೇತಿನ ಹಾಸು, ಡ್ರಿಲ್ಲಿನ ಪೀಠ ಮೊದಲಾದ ಭಾರವಾದ ಎರಕದ ಭಾಗಗಳು ಗಾಳಿಯಷ್ಟು ಬೇಗ ಬಿಸಿಯಾಗವು. ರಾತ್ರಿ 18 ಡಿಗ್ರಿಗೆ ಇಳಿದ ಹಾಸಿನ ಮೇಲೆ, ಬಾಗಿಲು ತೆರೆದೊಡನೆ 26 ಡಿಗ್ರಿಯ, ನೂರಕ್ಕೆ 70 ಆರ್ದ್ರತೆಯ ಗಾಳಿ ಬೀಸಿತೆನ್ನೋಣ. ಆ ಗಾಳಿಯ ಇಬ್ಬನಿಬಿಂದು ಸುಮಾರು 20 ಡಿಗ್ರಿ. ಹಾಸು ಅದಕ್ಕಿಂತ ತಂಪಾಗಿರುವುದರಿಂದ ಅದರ ಮೇಲೆ ಇಬ್ಬನಿ ಕೂರಲೇಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದರೂ ತುಕ್ಕಿಗೆ ಅಷ್ಟು ಸಾಕು.

ಎರಡನೆಯ ಕಾರಣ ಉಪ್ಪು. ಇಲ್ಲಿಯ ಅನೇಕ ಕೊಳವೆಬಾವಿಗಳ ನೀರು ಗಡಸು, ಕೆಲವೆಡೆ ಸವಳು. ಆ ನೀರಿನಿಂದ ನೆಲಕ್ಕೆ ಚಿಮುಕಿಸಿದಾಗ, ಕೈತೊಳೆದಾಗ, ಕೊರೆಯುವ ಲೋಹವನ್ನು ತಂಪುಮಾಡಿದಾಗ ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ಅಡುಗೆ ಉಪ್ಪು ನೂರಕ್ಕೆ 75ರ ಆರ್ದ್ರತೆಯಲ್ಲಿ ತಾನಾಗಿ ನೀರೊಡೆಯುತ್ತದೆ. ಗಡಸುನೀರಿನಿಂದ ಬರತಕ್ಕ ಮೆಗ್ನೀಸಿಯಂ ಕ್ಲೋರೈಡು ನೂರಕ್ಕೆ 33ರಲ್ಲಿಯೇ ನೀರೊಡೆಯುತ್ತದೆ; ಎಂದರೆ ಒಣ ಹಗಲಿನಲ್ಲಿಯೂ ಅದು ತೇವವಾಗಿಯೇ ಇರಬಲ್ಲದು. ಮೂರನೆಯದು ಬೆವರು. ಬೇಸಗೆಯಲ್ಲಿ ದುಡಿಯುವವನ ಅಂಗೈಯಲ್ಲಿ ಕ್ಲೋರೈಡೂ ಲ್ಯಾಕ್ಟಿಕ್ ಆಮ್ಲವೂ ಇರುತ್ತವೆ. ಹೊಳಪುಳ್ಳ ಉಕ್ಕನ್ನು ಬರಿಗೈಯಿಂದ ಮುಟ್ಟಿ ಹಾಗೆಯೇ ಬಿಟ್ಟರೆ, ಬೆರಳ ಗುರುತು ಕೆಲವು ದಿನಗಳಲ್ಲಿ ತುಕ್ಕಿನ ರೇಖೆಯಾಗಿ ಮೂಡುತ್ತದೆ. ನಾಲ್ಕನೆಯದು ದೂಳು. ಗಾಳಿಯೊಡನೆ ಬರುವ ದೂಳು ಉಪ್ಪನ್ನೂ ತೇವವನ್ನೂ ಹಿಡಿದಿಟ್ಟುಕೊಂಡು, ಇವಾನ್ಸರ ಹನಿಯ ನಡುಭಾಗದಂತೆ ಗಾಳಿ ತಲುಪದ ತಾಣಗಳನ್ನು ನಿರ್ಮಿಸುತ್ತದೆ.

ನಷ್ಟವೆಲ್ಲಿ?

ತುಕ್ಕನ್ನು ಕೇವಲ ಅಂದಗೇಡೆಂದು ಎಣಿಸುವವರಿಗೆ ಎರಡು ಉದಾಹರಣೆಗಳನ್ನು ಕೊಡುತ್ತೇವೆ.

ಮೊದಲನೆಯದು ಮೊಳಕಾಲ್ಮೂರಿನ ರೇಷ್ಮೆಯದು. ಸೀರೆ ನೇಯುವ ಮಗ್ಗದಲ್ಲಿ ಹಾಸಿನ ಎಳೆಗಳು ಹಣಿಗೆಯ ಉಕ್ಕಿನ ಹಲ್ಲುಗಳ ನಡುವೆ ಹಾಯುತ್ತವೆ. ಹಣಿಗೆಯ ಒಂದು ಹಲ್ಲಿಗೆ ತುಕ್ಕು ಹಿಡಿದರೆ ಮೊದಲು ಎಳೆ ಜಗ್ಗುತ್ತದೆ, ಅನಂತರ ಹರಿಯುತ್ತದೆ. ತೇವವಿದ್ದರೆ ಬಟ್ಟೆಯಲ್ಲಿ ಕಂದುಗೆರೆ ಬೀಳುತ್ತದೆ. ಟ್ಯಾನಿನ್ ಇರುವ ಬಣ್ಣಗಳ ಮೇಲೆ ಕಬ್ಬಿಣ ಬಿದ್ದರೆ ಕಪ್ಪುಕಲೆಯೇ ಆಗುತ್ತದೆ. ಕಲೆಯನ್ನು ಕರಗಿಸಬಲ್ಲ ಆಮ್ಲಗಳು ಬಣ್ಣವನ್ನೂ ಜರಿಯನ್ನೂ ಕೆಡಿಸುವ ಭಯವಿದೆ. ಹಲವು ದಿನಗಳ ದುಡಿಮೆಯ ಸೀರೆ ಒಂದು ಕಲೆಯಿಂದ ಬೆಲೆ ಕಳೆದುಕೊಳ್ಳುತ್ತದೆ; ನಷ್ಟ ನೇಕಾರನದೇ. ಇಲ್ಲಿ ತಡೆಯುವುದೊಂದೇ ದಾರಿ.

ಎರಡನೆಯದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಲೋಹದ ಮೈಯುಳ್ಳ ವಿದ್ಯುದುಪಕರಣಕ್ಕೆ ಭೂಸಂಪರ್ಕದ ತಂತಿಯಿರುತ್ತದೆ. ಒಳಗಿನ ತಂತಿಯ ಹೊದಿಕೆ ಹಾಳಾಗಿ ಮೈಗೆ ವಿದ್ಯುತ್ತು ತಗುಲಿದರೆ, ಭೂಮಿಗೆ ಬಲವಾದ ಪ್ರವಾಹ ಹರಿದು ಫ್ಯೂಸು ಹಾರಬೇಕು. ಆದರೆ ಆ ದಾರಿಯಲ್ಲಿ ತುಕ್ಕು ಹಿಡಿದ ತಿರುಪೋ ಸವೆದ ಕೊಳವೆಯೋ ಇದ್ದು, ಒಟ್ಟು ರೋಧ 100 ಓಮ್ ಆಯಿತೆನ್ನೋಣ. 230 ವೋಲ್ಟಿಗೆ ಹರಿಯುವ ಪ್ರವಾಹ 2.3 ಆಂಪಿಯರು ಮಾತ್ರ. 5 ಆಂಪಿಯರಿನ ಫ್ಯೂಸೂ ಅದಕ್ಕೆ ಹಾರದು. ಉಪಕರಣದ ಮೈ ವಿದ್ಯುತ್ತನ್ನು ಹೊತ್ತುಕೊಂಡೇ ಇರುತ್ತದೆ. ಹಿಡಿದ ಕೈ ಅದಕ್ಕೆ ಇನ್ನೊಂದು ದಾರಿಯಾಗುತ್ತದೆ.

ಒಣನೆಲದಲ್ಲಿ ಈ ತೊಡಕು ಇಮ್ಮಡಿ. ಬೇಸಗೆಯಲ್ಲಿ ಮಣ್ಣು ಆರಿದಾಗ ಅದರ ರೋಧ ಬಹಳ ಏರುತ್ತದೆ. ಅದನ್ನು ಇಳಿಸಲೆಂದು ಭೂಸಂಪರ್ಕದ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹೊಯ್ಯುವ ರೂಢಿಯುಂಟು. ಆದರೆ ಉಪ್ಪು ಕೊಳವೆಯನ್ನು ತಿನ್ನುತ್ತದೆ. ಇದ್ದಿಲು ವಿದ್ಯುತ್‌ವಾಹಕವಾದುದರಿಂದ ಕೊಳವೆಯೊಡನೆ ಒಂದು ವಿದ್ಯುತ್‌ಕೋಶವನ್ನೇ ರಚಿಸಿ ಸವೆತವನ್ನು ಹೆಚ್ಚಿಸುತ್ತದೆ. ಸತುವಿನ ಲೇಪವಿರುವವರೆಗೆ ಸತುವು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಸತುವು ತೀರಿದ ಮೇಲೆ ಕಾಯುವವರಿಲ್ಲ. ರಕ್ಷಣೆಗೆಂದು ಹಾಕಿದ ಉಪ್ಪೇ ರಕ್ಷಣೆಯನ್ನು ಕೆಡಿಸುವ ಈ ಸಂದರ್ಭದಲ್ಲಿ, ಮಣ್ಣಿನ ಮೇಲೆ ಕಾಣುವ ತುದಿ ಚೆನ್ನಾಗಿದ್ದರೆ ಸಾಲದು. ವರ್ಷಕ್ಕೊಮ್ಮೆ, ಬೇಸಗೆಯ ಕೊನೆಯಲ್ಲಿ, ಅರ್ಹ ವಿದ್ಯುತ್ ಕೆಲಸಗಾರರಿಂದ ರೋಧವನ್ನು ಅಳೆಯಿಸಬೇಕು. ಇದಲ್ಲದೆ 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸುರಕ್ಷಾ ಸ್ವಿಚ್ಚನ್ನು ಪ್ರತಿ ಕಾರ್ಯಾಗಾರದಲ್ಲಿಯೂ ಅಳವಡಿಸತಕ್ಕದ್ದು.

ತಡೆಯುವ ಬಗೆಗಳು

ತುಕ್ಕಿಗೆ ಬೇಕಾದ ಮೂರರಲ್ಲಿ ಕಬ್ಬಿಣವನ್ನು ಬಿಡಲಾಗದು, ಆಮ್ಲಜನಕವನ್ನು ಕಳೆಯಲಾಗದು. ನೀರನ್ನು ದೂರವಿಡುವುದೇ ಉಪಾಯ. ಅದನ್ನು ಎರಡು ರೀತಿಯಿಂದ ಸಾಧಿಸಬಹುದು: ಗಾಳಿಯ ಆರ್ದ್ರತೆಯನ್ನು ಇಳಿಸುವುದು, ಇಲ್ಲವೆ ಲೋಹಕ್ಕೆ ಹೊದಿಕೆಯನ್ನು ಕೊಡುವುದು.

ಮೊದಲನೆಯದಕ್ಕೆ ಬಹು ಅಗ್ಗದ ಸಾಧನ ಸ್ವಲ್ಪ ಶಾಖ. 20 ಡಿಗ್ರಿಯಲ್ಲಿ ನೂರಕ್ಕೆ 80 ಆರ್ದ್ರತೆಯಿರುವ ಗಾಳಿಯನ್ನು 24 ಡಿಗ್ರಿಗೆ ಬಿಸಿಮಾಡಿದರೆ ಆರ್ದ್ರತೆ 63ಕ್ಕೆ ಇಳಿಯುತ್ತದೆ. ಉಪಕರಣಗಳನ್ನಿಡುವ ಮುಚ್ಚಿದ ಬೀರುವಿನಲ್ಲಿ ಒಂದು ಸಣ್ಣ ಶಾಖದೀಪವನ್ನು ರಾತ್ರಿ ಉರಿಸಿದರೆ ಇಷ್ಟು ಸಾಧ್ಯ. ಈಗ ಬಳಕೆಯಲ್ಲಿರುವ ಎಲ್‌ಇಡಿ ದೀಪಗಳು ಕೊಡುವ ಶಾಖ ಅಲ್ಪವಾದುದರಿಂದ ಅವು ಈ ಕೆಲಸಕ್ಕೆ ಒದಗವು. ದೀಪದ ಬಳಿ ಎಣ್ಣೆಬಟ್ಟೆ, ಮರದ ಹೊಟ್ಟು ಇರಕೂಡದು. ಸಣ್ಣ ಪೆಟ್ಟಿಗೆಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಬಹುದು. ಅವುಗಳನ್ನು ಆಗಾಗ್ಗೆ ಬಿಸಿಮಾಡಿ ಒಣಗಿಸದಿದ್ದರೆ ಪ್ರಯೋಜನವಿಲ್ಲ. ಗೋಣಿಚೀಲದಲ್ಲಿ ಸುತ್ತಿಡುವ ಪದ್ಧತಿಯನ್ನು ಬಿಡಬೇಕು. ಸೆಣಬು ಗಾಳಿಯ ತೇವವನ್ನು ಹೀರಿ ಲೋಹಕ್ಕೆ ಮುಟ್ಟಿಸುತ್ತದೆ.

ಎರಡನೆಯದು ಹೊದಿಕೆ. ಚಳ್ಳಕೆರೆಯಂಥ ಎಣ್ಣೆಯ ಊರಿನಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ಕೈಗೆಟಕುವ ನೆಲಗಡಲೆ ಎಣ್ಣೆಯನ್ನೇ ಸವರಿದರೆ ಆಗದೆ? ಗುದ್ದಲಿ, ಕುಡುಗೋಲುಗಳಿಗೆ ಒಂದೆರಡು ವಾರದ ಮಟ್ಟಿಗೆ ಆದೀತು. ಆದರೆ ವಿದ್ಯುದುಪಕರಣಗಳಿಗೆ ಅದು ಹಿತವಲ್ಲ. ಅಗಸೆ ಎಣ್ಣೆಯ ಅಯೊಡೀನು ಸಂಖ್ಯೆ 170ರಿಂದ 200ರವರೆಗೆ ಇರುವುದರಿಂದ ಅದು ಗಾಳಿಯಲ್ಲಿ ಒಣಗಿ ಗಟ್ಟಿ ಪೊರೆಯಾಗುತ್ತದೆ. ನೆಲಗಡಲೆ ಎಣ್ಣೆಯದು ಸುಮಾರು 85ರಿಂದ 105. ಅದು ಅಗಸೆಯಂತೆ ಒಣಗುವುದೂ ಇಲ್ಲ, ಖನಿಜ ತೈಲದಂತೆ ಹಾಗೆಯೇ ಉಳಿಯುವುದೂ ಇಲ್ಲ. ಕಾಲಕ್ರಮದಲ್ಲಿ ಕಮಟಿ, ಅಂಟಂಟಾಗಿ, ದೂಳನ್ನು ಹಿಡಿಯುತ್ತದೆ. ಅದರಲ್ಲಿ ಹುಟ್ಟುವ ಕೊಬ್ಬಿನಾಮ್ಲಗಳು ಲೋಹಕ್ಕೆ ಒಳ್ಳೆಯವಲ್ಲ. ಬೇರಿಂಗು, ಚಕ್ಕುಗಳೊಳಗೆ ಹೊಕ್ಕರೆ ಚಲನೆಯನ್ನೇ ತಡೆಯುತ್ತದೆ. ಆದುದರಿಂದ ತೆಳುವಾದ ಖನಿಜ ತೈಲವೇ ತಕ್ಕುದು. ಬಹುಕಾಲ ಬಳಸದ ಭಾಗಗಳಿಗೆ ಗ್ರೀಸನ್ನೂ, ಮರಗೆಲಸದ ಗರಗಸದ ಪೀಠ ಮೊದಲಾದ, ಎಣ್ಣೆ ತಾಗಬಾರದ ಎರಕದ ಮೇಲ್ಮೈಗಳಿಗೆ ಮೇಣದ ಲೇಪವನ್ನೂ ಉಪಯೋಗಿಸಬೇಕು. ರೇಷ್ಮೆ ಮಗ್ಗದ ಹಣಿಗೆಗೆ ಎಣ್ಣೆಯೂ ಕಲೆಯೇ. ನೇಯದಿರುವ ಹಣಿಗೆಯನ್ನು ಒರೆಸಿ, ತುಕ್ಕು ತಡೆಯುವ ಆವಿಯನ್ನು ಬಿಡುವ ಕಾಗದದಲ್ಲಿ ಸುತ್ತಿ, ಮುಚ್ಚಿದ ಪೆಟ್ಟಿಗೆಯಲ್ಲಿಡುವುದು ಲೇಸು. ನೇಯುವಾಗ ಸಾಧ್ಯವಾದರೆ ತುಕ್ಕು ಹಿಡಿಯದ ಉಕ್ಕಿನ ಹಣಿಗೆಯನ್ನೇ ಆರಿಸಿಕೊಳ್ಳಬೇಕು.

ದಿನದ ಕೆಲಸ ಮುಗಿದೊಡನೆ ಐದು ನಿಮಿಷಗಳ ಆರೈಕೆಯನ್ನು ಅಭ್ಯಾಸವಾಗಿಸಬೇಕು. ಪ್ಲಗ್ಗನ್ನು ಕಿತ್ತು, ಬ್ರಷ್ಷಿನಿಂದ ದೂಳನ್ನು ಕೊಡವಿ, ಹೊಳಪುಳ್ಳ ಭಾಗಗಳ ಬೆವರಿನ ಗುರುತನ್ನು ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ತೈಲವನ್ನು ಸವರಿ, ತಂಪಾದ ಮೇಲೆ ಮುಚ್ಚಿಡಬೇಕು. ಗ್ರೈಂಡರಿನ ಉಜ್ಜುಚಕ್ರಕ್ಕೆ ಮಾತ್ರ ಎಣ್ಣೆ ಸೋಕಬಾರದು. ರಾಳದಿಂದ ಕಟ್ಟಿದ ಚಕ್ರಗಳು ತೇವದಿಂದ ಬಲ ಕುಂದುತ್ತವೆ. ನಡುವಣ ಲೋಹದ ಬಳೆಯ ಮೇಲೆ ಮುದ್ರಿಸಿದ ಅವಧಿ ಮುಗಿದ ಚಕ್ರವನ್ನು ಉಪಯೋಗಿಸಲೇಕೂಡದು.

ತೆಗೆಯುವ ಬಗೆಗಳು

ತುಕ್ಕು ತೆಗೆಯುವುದಕ್ಕೆ ಮುಂಚೆ ಉಪಕರಣವನ್ನು ವಿದ್ಯುತ್ತಿನಿಂದ ಬೇರ್ಪಡಿಸಿ, ತುಕ್ಕು ಹಿಡಿದ ಭಾಗವನ್ನು ಕಳಚಿಕೊಳ್ಳಬೇಕು. ಮೋಟಾರು, ಸ್ವಿಚ್ಚು, ಕಾರ್ಬನ್ ಬ್ರಷ್ಷುಗಳಿರುವ ಭಾಗವನ್ನು ಯಾವ ದ್ರವದಲ್ಲಿಯೂ ಮುಳುಗಿಸಬಾರದು.

ಮೇಲುಮೇಲಿನ ತುಕ್ಕಿಗೆ ಸೀಮೆಎಣ್ಣೆ ಇಲ್ಲವೆ ತೆಳುತೈಲವನ್ನು ಹಚ್ಚಿ ಕೆಲವು ಗಂಟೆ ಬಿಟ್ಟು, ಹಿತ್ತಾಳೆಯ ಬ್ರಷ್ಷಿನಿಂದಲೋ ನಯವಾದ ಉಕ್ಕಿನ ನಾರಿನಿಂದಲೋ ಉಜ್ಜಿದರೆ ಸಾಕು. ಲೇತಿನ ಹಾಸಿನಂಥ ನಿಖರವಾದ ಮೇಲ್ಮೈಯನ್ನು ಒರಟು ಎಮರಿ ಕಾಗದದಿಂದ ಉಜ್ಜಬಾರದು. ಅದರಿಂದ ತುಕ್ಕಿನೊಡನೆ ಯಂತ್ರದ ನಿಖರತೆಯೂ ಹೋಗುತ್ತದೆ. ಉದುರಿದ ಎಮರಿಯ ಕಣಗಳು ಸರಿದಾಡುವ ಭಾಗಗಳನ್ನು ಸವೆಸುತ್ತವೆ.

ಆಳವಾದ ತುಕ್ಕಿಗೆ ಸೌಮ್ಯ ಆಮ್ಲಗಳು ಒದಗುತ್ತವೆ. ಮನೆಮನೆಯಲ್ಲಿಯೂ ತಿಳಿದಿರುವ ಹುಣಸೆಹಣ್ಣಿನ ಉಪಾಯ ಶಾಸ್ತ್ರಸಮ್ಮತವಾದುದೇ. ಹುಣಸೆಯ ತಿರುಳಿನಲ್ಲಿ ನೂರಕ್ಕೆ 8ರಿಂದ 18ರವರೆಗೆ ಟಾರ್ಟಾರಿಕ್ ಆಮ್ಲವಿರುತ್ತದೆ. ಅದು ತುಕ್ಕನ್ನು ಕರಗಿಸುವುದಲ್ಲದೆ, ಕರಗಿದ ಕಬ್ಬಿಣವನ್ನು ಸಂಯುಕ್ತರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ: ಕಾಪಿಡಲೆಂದು ಉಪ್ಪು ಬೆರೆಸಿದ ಹುಣಸೆಯನ್ನು ಬಳಸಬಾರದು. ತುಕ್ಕು ಹೋದರೂ ಕ್ಲೋರೈಡು ಉಳಿದು, ಹೊಸ ತುಕ್ಕಿಗೆ ಬೀಜವಾಗುತ್ತದೆ. ಅಳತೆಗೆ ನಿಲ್ಲುವ ಸಾಧನ ಬೇಕಾದರೆ ಲೀಟರು ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲವನ್ನು ಕರಗಿಸಿ ಭಾಗವನ್ನು ಕೆಲವು ಗಂಟೆ ನೆನೆಯಿಟ್ಟು, ನಡುನಡುವೆ ತೆಗೆದು ನೋಡಬೇಕು. ಆಕ್ಸಾಲಿಕ್ ಆಮ್ಲವೂ ಪರಿಣಾಮಕಾರಿ, ಆದರೆ ವಿಷ. ಹೈಡ್ರೋಕ್ಲೋರಿಕ್ ಆಮ್ಲವನ್ನು ಕಾರ್ಯಾಗಾರದೊಳಗೆ ತರಲೇಬಾರದು; ಅದರ ಹೊಗೆ ಒಂದು ಉಪಕರಣವನ್ನು ಚೊಕ್ಕಟ ಮಾಡುವಷ್ಟರಲ್ಲಿ ಕೋಣೆಯ ಉಳಿದ ಉಪಕರಣಗಳಿಗೆಲ್ಲ ತುಕ್ಕು ಹಿಡಿಸುತ್ತದೆ. ಹದಗೊಳಿಸಿದ ಸ್ಪ್ರಿಂಗು, ಗಡಸು ಉಕ್ಕುಗಳನ್ನು ಯಾವ ಆಮ್ಲದಲ್ಲಿಯೂ ಬಹುಕಾಲ ಇಡಬಾರದು. ಆಮ್ಲದಿಂದ ಹೊರಡುವ ಜಲಜನಕ ಉಕ್ಕಿನೊಳಗೆ ಸೇರಿ ಅದನ್ನು ಪೆಡಸುಗೊಳಿಸುತ್ತದೆ.

ಆಮ್ಲದಿಂದ ತೆಗೆದ ಭಾಗವನ್ನು ತೊಳೆಯುವ ಸೋಡಾದ ನೀರಿನಲ್ಲಿ ಅದ್ದಿ, ಆಮ್ಲವನ್ನು ನಿರ್ಮೂಲ ಮಾಡಿ, ಸವಳಿಲ್ಲದ ನೀರಿನಲ್ಲಿ ತೊಳೆದು, ತಕ್ಷಣವೇ ಒಣಗಿಸಿ ತೈಲ ಸವರಬೇಕು. ತಡಮಾಡಿದರೆ, ಬೆತ್ತಲಾದ ಉಕ್ಕಿನ ಮೇಲೆ ನೋಡುನೋಡುತ್ತಲೇ ಹೊಸ ತುಕ್ಕು ಮೂಡುತ್ತದೆ.

ವಿದ್ಯುದ್ವಿಶ್ಲೇಷಣೆ ಮತ್ತೊಂದು ಬಗೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 10 ಗ್ರಾಮಿನಂತೆ ತೊಳೆಯುವ ಸೋಡಾ ಕರಗಿಸಿ, ತುಕ್ಕು ಹಿಡಿದ ಭಾಗವನ್ನು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣಧ್ರುವಕ್ಕೂ, ಒಂದು ಹಳೆಯ ಕಬ್ಬಿಣದ ತಗಡನ್ನು ಧನಧ್ರುವಕ್ಕೂ ಜೋಡಿಸಬೇಕು; ಎರಡೂ ಒಂದನ್ನೊಂದು ಮುಟ್ಟಬಾರದು. ಇದರಲ್ಲಿ ಒಳ್ಳೆಯ ಲೋಹ ಸವೆಯದೆ, ತುಕ್ಕು ಮಾತ್ರ ಸಡಿಲುತ್ತದೆ. ಧನಧ್ರುವಕ್ಕೆ ತುಕ್ಕು ಹಿಡಿಯದ ಉಕ್ಕನ್ನು ಬಳಸಕೂಡದು. ಅದರಿಂದ ವಿಷಕರವಾದ ಕ್ರೋಮಿಯಂ ಲವಣಗಳು ಹುಟ್ಟುತ್ತವೆ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರೀನು ಹೊರಡುತ್ತದೆ. ಜಲಜನಕ ಹೊರಬರುವುದರಿಂದ ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಸಬೇಕು. ಗಡಸು ಉಕ್ಕಿಗೆ ಇಲ್ಲಿಯೂ ಮೇಲಿನ ಎಚ್ಚರಿಕೆಯೇ ಅನ್ವಯಿಸುತ್ತದೆ.

ಪೂರ್ತಿಯಾಗಿ ತೆಗೆಯಲಾಗದ ಕಡೆ ತುಕ್ಕನ್ನೇ ಮಾರ್ಪಡಿಸಬಹುದು. ಯಂತ್ರದ ಕಾಲು, ಚೌಕಟ್ಟುಗಳಲ್ಲಿ ಅಂಟಿಕೊಂಡ ತುಕ್ಕಿನ ಮೇಲೆ ಟ್ಯಾನಿನ್ ದ್ರಾವಣವನ್ನು ಹಚ್ಚಿದರೆ ಅದು ಕಪ್ಪಾದ, ನೀರಿನಲ್ಲಿ ಕರಗದ ಕಬ್ಬಿಣದ ಟ್ಯಾನೇಟಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಮಸಿಯನ್ನು ಮಾಡುತ್ತಿದ್ದ ನಮ್ಮ ಹಿರಿಯರಿಗೆ ಈ ಕ್ರಿಯೆ ತಿಳಿದಿದ್ದುದೇ. ಈ ಸೀಮೆಯ ಬಯಲುಗಳಲ್ಲಿ ಬೆಳೆಯುವ ತಂಗಡಿಯ ತೊಗಟೆಯೂ ಕರಿಜಾಲಿಯ ತೊಗಟೆಯೂ ಚರ್ಮ ಹದಮಾಡುವುದಕ್ಕೆ ಬಳಕೆಯಾಗಿ ಬಂದಿರುವುದು ಅವುಗಳ ಟ್ಯಾನಿನ್ನಿನಿಂದಲೇ. ಈ ತೊಗಟೆಗಳ ಕಷಾಯವನ್ನು ತುಕ್ಕಿನ ತಗಡುಗಳ ಮೇಲೆ ಹಚ್ಚಿ, ಹಚ್ಚದ ತಗಡುಗಳೊಡನೆ ಹೋಲಿಸಿ ನೋಡುವುದು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಈ ಪದರವೊಂದೇ ಸಾಕಾಗದು. ಅದರ ಮೇಲೆ ಬಣ್ಣವನ್ನು ಬಳಿಯತಕ್ಕದ್ದು.

ಕೆಲಸ ಮುಗಿದು ಜೋಡಿಸಿದ ಮೇಲೆ, ತೇವ ತಾಗಿದ ಶಂಕೆಯಿರುವ ಉಪಕರಣವನ್ನು ಚೆನ್ನಾಗಿ ಒಣಗಿಸಿ, ಮೆಗ್ಗರಿನಿಂದ ಅದರ ವಿದ್ಯುನ್ನಿರೋಧವನ್ನು ಪರೀಕ್ಷಿಸಬೇಕು. ಅದು ಒಂದು ಮೆಗಾ ಓಮಿಗಿಂತ ಕಡಮೆಯಿದ್ದರೆ ಪ್ಲಗ್ಗನ್ನು ಚುಚ್ಚಬಾರದು.

ಕಾಲೇಜುಗಳಿಗೆ ಒಂದು ಸೂಚನೆ

ತುಕ್ಕಿನ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಒಳ್ಳೆಯ ಪರಂಪರೆಯಿದೆ. ಕಾರೈಕುಡಿಯಲ್ಲಿ 1953ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾಲಯವು ದೇಶದ ನಾನಾ ಕಡೆಗಳ ಸವೆತವನ್ನು ಅಳೆದು ಭಾರತದ ಸವೆತದ ಭೂಪಟವನ್ನು ಸಿದ್ಧಪಡಿಸಿದೆ. ಆದರೆ ದೇಶದ ಭೂಪಟ ಒಂದು ಶೆಡ್ಡಿನೊಳಗಿನ ಸ್ಥಿತಿಯನ್ನು ಹೇಳಲಾರದು. ಅದನ್ನು ಅಲ್ಲಿಯವರೇ ಅಳೆದುಕೊಳ್ಳಬೇಕು. ಅದಕ್ಕೆ ಬೇಕಾದುದು ನಿಖರವಾದ ತಕ್ಕಡಿಯೊಂದೇ.

10 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ತೆಳುವಾದ ಮೆದು ಉಕ್ಕಿನ ತಗಡುಗಳನ್ನು ಉಜ್ಜಿ, ತೂಗಿ, ಗುರುತು ಹಾಕಿ, ತಗಡಿನ ಮಾಡಿನ ಕೆಳಗೊಂದು, ಮುಚ್ಚಿದ ಬೀರುವಿನಲ್ಲೊಂದು, ಬಯಲಿನಲ್ಲೊಂದು, ಮಗ್ಗದ ಮನೆಯಲ್ಲೊಂದು ಹೀಗೆ ನೂಲಿನಿಂದ ತೂಗುಹಾಕಬೇಕು. ಒಂದು ವರ್ಷದ ಅನಂತರ ಸಿಟ್ರಿಕ್ ಆಮ್ಲದಿಂದ ತುಕ್ಕನ್ನು ತೆಗೆದು ಮತ್ತೆ ತೂಗಬೇಕು. ಆಮ್ಲವೇ ಕರಗಿಸುವ ಅಲ್ಪ ಲೋಹವನ್ನು ತಿಳಿಯಲು, ತೂಗುಹಾಕದ ಒಂದು ತಗಡನ್ನೂ ಅಷ್ಟೇ ಹೊತ್ತು ಆಮ್ಲದಲ್ಲಿಟ್ಟು ಲೆಕ್ಕದಿಂದ ಕಳೆಯಬೇಕು. ಎರಡು ಮುಖಗಳೂ ಕೂಡಿ 100 ಚದರ ಸೆಂಟಿಮೀಟರ್ ಆಗುವುದರಿಂದ, ಉಕ್ಕಿನ ಸಾಂದ್ರತೆಯನ್ನು 7.87 ಎಂದು ಹಿಡಿದರೆ, 0.787 ಗ್ರಾಂ ನಷ್ಟವೆಂದರೆ ಪ್ರತಿ ಮುಖದಿಂದಲೂ ಸರಾಸರಿ 10 ಮೈಕ್ರೊಮೀಟರ್ ಸವೆದಂತಾಯಿತು. ತಗಡುಗಳ ಬಳಿ ಬೆಳಗು, ಮಧ್ಯಾಹ್ನ, ಸಂಜೆ ಉಷ್ಣತೆ ಮತ್ತು ಆರ್ದ್ರತೆಗಳನ್ನು ಬರೆದಿಟ್ಟರೆ, ಯಾವ ತಿಂಗಳಲ್ಲಿ ಎಚ್ಚರ ಹೆಚ್ಚಬೇಕೆಂಬುದು ತಾನಾಗಿ ತಿಳಿಯುತ್ತದೆ.

ಚಳ್ಳಕೆರೆಯಲ್ಲೊಂದು, ಮೊಳಕಾಲ್ಮೂರಿನಲ್ಲೊಂದು ಕಾಲೇಜು ಈ ಲೆಕ್ಕವನ್ನು ಕೆಲವು ವರ್ಷ ಬಿಡದೆ ಇಟ್ಟರೆ, ಹೊಸ ಕಾರ್ಯಾಗಾರವನ್ನು ಕಟ್ಟುವವನು ಮಾಡಿಗೆ ಏನು ಹೊದಿಸಬೇಕೆಂಬುದನ್ನೂ, ನೇಕಾರನು ಹಣಿಗೆಯನ್ನು ಎಲ್ಲಿಡಬೇಕೆಂಬುದನ್ನೂ ಊಹೆಯಿಂದಲ್ಲ, ಅಳತೆಯಿಂದ ಹೇಳಬಹುದು. ಸಾಲ ಮಾಡಿ ತಂದ ಯಂತ್ರವೊಂದು ಹತ್ತು ವರ್ಷ ಬಾಳಬೇಕಾದುದು ಐದೇ ವರ್ಷಕ್ಕೆ ಮೂಲೆಗೆ ಸೇರುವುದು ಸಣ್ಣ ಕಾರ್ಯಾಗಾರದ ಒಡೆಯನಿಗೆ ಸಣ್ಣ ಮಾತಲ್ಲ. ತುಕ್ಕು ಹಿಡಿದ ಭೂಸಂಪರ್ಕದಿಂದ ಕಲಿಯಲು ಬಂದ ಹುಡುಗನಿಗೆ ಅಪಾಯವಾಗುವುದಂತೂ ಯಾವ ಲೆಕ್ಕಕ್ಕೂ ಸಿಗದ ನಷ್ಟ. ಇವೆರಡನ್ನೂ ತಪ್ಪಿಸಲು ಬೇಕಾದುದು ಒಣಬಟ್ಟೆ, ತುಸು ತೈಲ, ಅಳೆಯುವ ಅಭ್ಯಾಸ ಇಷ್ಟೇ. ಆ ಅಭ್ಯಾಸವು ಕಾಲೇಜಿನ ಕಾರ್ಯಾಗಾರದಲ್ಲಿಯೇ ಮೊದಲಾಗಬೇಕೆಂಬುದು ನಮ್ಮ ಅಭಿಪ್ರಾಯ.